ಕುರ್ಚಿ ಮೇಲೆ ಕಾವಿಗೆ ಕೂತ ಕೋಳಿ

ಅಮ್ಮ ಕಥೆ ಹೇಳುವಾಗ ಮತ್ತೆ ನಡುವೆ ಬಾಯಿ ಹಾಕಿದೆಯಾ, ಚಂಪಿ? ಕೋಳಿ ಇನ್ನೂ ಗೂಡಿನಿಂದ ಹೊರಗೇ ಬಂದಿಲ್ಲ. ಆಗಲೇ "ಆಮೇಲೆ? ಆಮೇಲೆ?" ಸುಮ್ಮನೆ ಕೇಳು.

ಒಂದು ಕೋಳಿ. ಅದಕ್ಕೊಂದು ಮರಿ. ಮರಿಗೆ ಜ್ವರ. ಬೆಕ್ಕು ಬಂತು, ಬಾಲ ಬೀಸಿತು, ಔಷಧಿ ಸೀಸೆ ಉರುಳಿತು. ಔಷಧಿಯೆಲ್ಲ ನೆಲದ ಪಾಲು. ಮರಿಯ ಮೈ ಕೆಂಡ.

ಕೋಳಿ ಊರ ಆಸ್ಪತ್ರೆಗೆ ಓಡಿತು.

"ನರ್ಸಕ್ಕಾ, ನರ್ಸಕ್ಕಾ, ಮರಿಗೆ ಜ್ವರ. ಔಷಧಿ ಕೊಡು."

"ಕಪಾಟಿನ ತುಂಬ ಇದೆ. ಬೀಗದ ಕೈ ನನ್ನ ಹತ್ತಿರ ಇಲ್ಲ. ಔಷಧಿ ಅಣ್ಣನನ್ನು ಕೇಳು ಹೋಗು."

ಕೋಳಿ ಔಷಧಿ ಅಣ್ಣನ ಹತ್ತಿರ ಓಡಿತು.

"ಅಣ್ಣಾ, ಅಣ್ಣಾ, ಮರಿಗೆ ಜ್ವರ. ನರ್ಸಕ್ಕ ಕೊಡಲ್ಲ. ನೀನು ಬೀಗ ತೆಗಿ."

"ತೆಗೆದರೆ ಔಷಧಿ ಖರ್ಚಾಗುತ್ತೆ! ಡಾಕ್ಟರಮ್ಮ ಹೇಳಲಿ, ತೆಗೀತೀನಿ."

ಕೋಳಿ ಡಾಕ್ಟರಮ್ಮನ ಹತ್ತಿರ ಓಡಿತು.

"ಡಾಕ್ಟರಮ್ಮಾ, ಡಾಕ್ಟರಮ್ಮಾ, ಮರಿಗೆ ಜ್ವರ. ನರ್ಸಕ್ಕ ಕೊಡಲ್ಲ. ಅಣ್ಣ ಬೀಗ ತೆಗೆಯಲ್ಲ. ನೀವು ಹೇಳಿ."

"ಅಯ್ಯೋ ಕೋಳಮ್ಮಾ, ಉಳಿಸಿ ಉಳಿಸಿ ಅಂತ ಅಧ್ಯಕ್ಷರು ದಿನಾ ಬೈತಾರೆ. ಅವರು ಹೂಂ ಅನ್ನಲಿ."

ಆಸ್ಪತ್ರೆ ಖರ್ಚು ನೋಡುವವರು ಊರ ಅಧ್ಯಕ್ಷರು. ಕೋಳಿ ಅವರ ಹತ್ತಿರ ಓಡಿತು. ಅವರು ನಿಂತುಕೊಂಡು ಮೀಸೆ ಬಾಚುತ್ತಿದ್ದರು.

"ಅಧ್ಯಕ್ಷರೇ, ಅಧ್ಯಕ್ಷರೇ, ಮರಿಗೆ ಜ್ವರ. ನರ್ಸಕ್ಕ ಕೊಡಲ್ಲ. ಅಣ್ಣ ಬೀಗ ತೆಗೆಯಲ್ಲ. ಡಾಕ್ಟರಮ್ಮ ಹೇಳಲ್ಲ. ನೀವು ಹೂಂ ಅನ್ನಿ."

"ಹೂಂ ಅನ್ನೋದಾ? ಇವತ್ತು ದೊಡ್ಡ ಸಾಹೇಬರು ಆಸ್ಪತ್ರೆ ನೋಡೋಕೆ ಬರ್ತಾರೆ. ಕಪಾಟು ತುಂಬಿರಬೇಕು. ಖಾಲಿ ಕಂಡರೆ ನನ್ನ ಮಾನ ಏನಾಗಬೇಕು?"

ಕೋಳಿಗೆ ರೇಗಿಹೋಯಿತು.

"ಜ್ವರ ಬಂದಿರೋದು ನನ್ನ ಮರಿಗಾ, ನಿಮ್ಮ ಕಪಾಟಿಗಾ?"

ಅಂದದ್ದೇ ಅಧ್ಯಕ್ಷರ ಕುರ್ಚಿಗೆ ಹಾರಿತು. ರೆಕ್ಕೆ ಅಗಲಿಸಿ ಕಾವಿಗೆ ಕೂತಿತು! ಕಾವಿಗೆ ಕೂತ ಕೋಳಿಯನ್ನು ಆ ಊರಲ್ಲಿ ಯಾರೂ ಎಬ್ಬಿಸುವುದಿಲ್ಲ.

"ಏಳೇ! ಸಾಹೇಬರು ಬಂದಾಗ ನಾನೆಲ್ಲಿ ಕೂರಲಿ?"

"ಕಪಾಟಿನಲ್ಲಿ ಕೂರಿ!"

ಅಧ್ಯಕ್ಷರು ಬಲಗೈ ಚಾಚಿದರು. ಕೋಳಿ ಕುಕ್ಕಿತು. ಎಡಗೈ ಚಾಚಿದರು. ಕೋಳಿ ಕುಕ್ಕಿತು. ಹೊರಗೆ ಜೀಪಿನ ಸದ್ದಾಯಿತು.

"ಅಯ್ಯಯ್ಯೋ, ಹೂಂ! ಹೂಂ! ಹೂಂ!"

ಅಧ್ಯಕ್ಷರು ಹೂಂ ಅಂದರು. ಡಾಕ್ಟರಮ್ಮ ಹೇಳಿದರು. ಅಣ್ಣ ಬೀಗ ತೆಗೆದ. ನರ್ಸಕ್ಕ ಔಷಧಿ ಕೊಟ್ಟಳು. ಕೋಳಿ ಹೊತ್ತು ತಂದಿತು. ಮರಿ ಗುಟುಕ್ ಅಂತ ಕುಡಿಯಿತು. ಮೈ ತಣ್ಣಗಾಯಿತು. ಚಿಂವ್ ಚಿಂವ್ ಅಂತ ಕಾಳು ಕೇಳಿತು.

ಕಥೆ ಮುಗಿಯಿತು. ಈಗ ಚಂಪಿ ಕೇಳಿದಳು:

"ಅಮ್ಮಾ, ಕುಕ್ಕೋಕೆ ಕೊಕ್ಕಿಲ್ಲದ ಅಮ್ಮಂದಿರು ಏನು ಮಾಡ್ತಾರೆ?"