ಸೊನ್ನೆ ಲೀಟರ್ ಹಾಲು

ನಮ್ಮ ಹಾಲು ಒಕ್ಕೂಟದ ಕಂಪ್ಯೂಟರಿನಲ್ಲಿ ಹತ್ತು ವರ್ಷದ ಹಾಲಿನ ವಿವರ ಒಂದೇ ಟೇಬಲ್ಲಿನಲ್ಲಿ, ಅಂದರೆ ಒಂದೇ ಉದ್ದ ಪಟ್ಟಿಯಲ್ಲಿತ್ತು. ಅದನ್ನು ಇನ್ನು ಮುಂದೆ ವರ್ಷಕ್ಕೊಂದು ಭಾಗ ಮಾಡಬೇಕಿತ್ತು.

"ಹಳೇ ಟೇಬಲ್ಲಿನ ಹೆಸರು ತೆಗೆದು ಹೊಸ ದೊಡ್ಡ ಟೇಬಲ್ಲಿಗಿಡು. ಹಳೇದನ್ನ ಅದರೊಳಗೆ ಒಂದು ಭಾಗವಾಗಿ ಸೇರಿಸು. ಹನ್ನೊಂದಕ್ಕೆ ಎಂ.ಡಿ. ಬರ್ತಾರೆ," ಅಂತ ಆಪರೇಟರ್ ಸಿದ್ಧಗಂಗಮ್ಮನಿಗೆ ಹೇಳಿದೆ.

"ಸರ್, ವರದಿಗಳು ಹೆಸರು ನೋಡಲ್ಲ. ಹಳೇ ಟೇಬಲ್ಲನ್ನೇ ಹಿಡ್ಕೊಂಡಿರ್ತವೆ. ಅವನ್ನ ಬಿಚ್ಚಿ ಹೊಸದಕ್ಕೆ ಕಟ್ಬೇಕು."

"ಮ್ಯಾನೇಜರ್ ನಾನೋ ನೀನೋ? ಹೇಳಿದಷ್ಟು ಮಾಡು."

ನಾನು ಹೇಳಿದಷ್ಟನ್ನೇ ಆಕೆ ಮಾಡಿದಳು. ಎಂ.ಡಿ. ಎದುರು ನಾನೇ ಠೀವಿಯಿಂದ ವರದಿ ತೆರೆದೆ. ಇವತ್ತಿನ ಹಾಲು ಸೊನ್ನೆ ಲೀಟರ್. ಬೆಳಗಿನ ಹಾಲೆಲ್ಲ ಹೊಸ ಭಾಗಕ್ಕೆ ಹೋಗಿತ್ತು, ವರದಿ ಹಳೇದನ್ನೇ ನೋಡುತ್ತಿತ್ತು.

"ಜಿಲ್ಲೆಯ ಹಸುಗಳೆಲ್ಲ ರಜೆ ಹಾಕಿವೆಯೇನ್ರೀ?" ಅಂದರು ಎಂ.ಡಿ. ನಾನು ವರದಿ ಮುಚ್ಚಿ ಮತ್ತೆ ತೆರೆದೆ.

ಸಿದ್ಧಗಂಗಮ್ಮ ಪಕ್ಕದ ಕಂಪ್ಯೂಟರ್ ಇತ್ತ ತಿರುಗಿಸಿದಳು. "ಅದು ನಕಲು, ಸರ್. ವರದಿಗಳನ್ನ ಬಿಚ್ಚಿ ಕಟ್ಟದಿದ್ರೆ ಏನಾಗುತ್ತೆ ಅಂತ ತಮಗೆ ತೋರಿಸೋಕೆ ನಮ್ಮ ಮ್ಯಾನೇಜರೇ ಮಾಡಿಸಿದ್ದು. ಅಸಲಿ ಇಲ್ಲಿದೆ." ಅಲ್ಲಿ ಇವತ್ತಿನ ಹಾಲು ಅಷ್ಟೂ ಇತ್ತು. ನಕಲು ಮಾಡು ಅಂತ ನಾನು ಹೇಳಿಯೇ ಇರಲಿಲ್ಲ.

ಎಂ.ಡಿ. ನನ್ನ ಬೆನ್ನು ತಟ್ಟಿದರು. ಸಿದ್ಧಗಂಗಮ್ಮ ತಲೆಯೆತ್ತದೆ ಕೀಬೋರ್ಡ್ ಒರೆಸುತ್ತಿದ್ದಳು. ಎಂ.ಡಿ. ಬೈದಿದ್ದರೆ ಮರೆತುಬಿಡುತ್ತಿದ್ದೆ. ತಟ್ಟಿದ ಜಾಗ ಇವತ್ತಿಗೂ ಉರಿಯುತ್ತದೆ.