ತುಂಬದೆ ಮರಳಿದ ತಂಬಿಗೆ

“ಯವ್ವಾ, ಸೋಮನಿಂಗಜ್ಜಾರು ಇರೋ ಜಾಗಾ ಎಲ್ಲಿ ಬರತೈತಿ?”

ಹೊನ್ನಾಬಾಯಿ ಅದೇ ಜಾಲಿಮರದ ಬುಡಕ್ಕೆ ಮೂರನೆಯ ಸಲ ಬಂದು ನಿಂತಿದ್ದಳು. ನಾಟಕ ಕಂಪನಿಯ ಬೆನ್ನುಹತ್ತಿ ಸೊಲ್ಲಾಪುರದಿಂದ ಬಳ್ಳಾರಿಯವರೆಗೆ ಇಪ್ಪತ್ತು ವರ್ಷ ತಿರುಗಿದ ಹೆಣ್ಣು. ತೌರಿನಿಂದ ಆರು ಮೈಲಿ ದೂರದ ಎರೆಹೊಲದಲ್ಲಿ ದಾರಿ ತಪ್ಪಿದ್ದಳು.

ಕಡಲೆಗಿಡ ಕೀಳುತ್ತಿದ್ದ ಮುದುಕಿ ಸೊಂಟ ನೆಟ್ಟಗೆ ಮಾಡಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಅಯ್ಯ, ದ್ರೌಪದಿ ಪಾರ್ಟ್ ಮಾಡಾಕಿ ಅಲ್ಲೇನು ನೀನು? ನಿನ್ನ ಅಳು ನೋಡಿ ಎರಡು ದಿನ ನನಗ ಅನ್ನ ಸೇರಿದ್ದಿಲ್ಲ!”

“ಇವತ್ತ ಅಳಸಂಗಿಲ್ಲ ಬಿಡು. ದಾರಿ ಹೇಳು.”

“ಹಳ್ಳ ದಾಟಿ ಸುಡಗಾಡಕ್ಕ ಹೋಗು. ಎಲ್ಲಾರೂ ಕಡೀಕೆ ಮುಟ್ಟೋ ಜಾಗಾ ಅದು. ನಿನಗೊಬ್ಬಾಕಿಗೆ ಸಿಗವಲ್ದಂದ್ರ!”

ಪೂಜ್ಯ ಸೋಮನಿಂಗಜ್ಜನವರು ಆ ಕಾಲಕ್ಕೆ ರುದ್ರಭೂಮಿಯ ಅಂಚಿನಲ್ಲಿ, ನಾಲ್ಕು ಗಳ ಹುಗಿದು ತೊಗರಿಕಟ್ಟಿಗೆ ಹೊದಿಸಿದ ಗುಡಿಸಲಿನಲ್ಲಿ ವಾಸವಾಗಿದ್ದರು. ಮಠ ಕಟ್ಟಿಸಿಕೊಡುತ್ತೇವೆಂದು ಬಂದ ಭಕ್ತರನ್ನು ಎರಡು ಸಲ ಬರಿಗೈಯಲ್ಲಿ ಕಳಿಸಿದ್ದರು. ಕಾಲರಾ ಬಂದ ವರ್ಷ ಹೆತ್ತವರೇ ಮಕ್ಕಳನ್ನು ಮುಟ್ಟಲು ಅಂಜಿದಾಗ, ರೋಗಿಗಳ ಹೊಲಸನ್ನು ಕೈಯಾರೆ ತೊಳೆದು, ಸತ್ತವರಿಗೆ ತಾವೇ ಕುಣಿ ತೋಡಿ ಮಣ್ಣು ಕೊಟ್ಟ ಪುಣ್ಯಾತ್ಮರು ಅವರು. ಹೊನ್ನಾಬಾಯಿ ಹೋದಾಗಲೂ ಯಾರೋ ದಿಕ್ಕಿಲ್ಲದವನಿಗೆ ಕುಣಿ ತೋಡುತ್ತಿದ್ದರು.

ಅವಳು ಸೆರಗಿನಿಂದ ತಾಮ್ರದ ತಂಬಿಗೆ ತೆಗೆದು ಪೂಜ್ಯರ ಪಾದದ ಬಳಿ ಇಟ್ಟಳು.

“ನಮ್ಮವ್ವ ರಾಚವ್ವ ನಾಕು ದಿನದಿಂದ ಅನ್ನ ಬಿಟ್ಟಾಳ, ಯಪ್ಪಾ. ಇದರಾಗ ತೀರ್ಥಾ ಹಾಕಿ ಕೊಡ್ರಿ.”

“ಇದರಾಗ ಯಾಕ?”

ನಾಲ್ಕು ವರ್ಷದ ಹಿಂದೆ, ಕಾಲರಾ ಬಂದಾಗ, ಕಂಪನಿಯಲ್ಲಿ ಜೊತೆಗಿದ್ದ ಅವಳ ತಂಗಿ ತುಂಗವ್ವ ಬಿಡಾರದಲ್ಲೇ ತೀರಿಕೊಂಡಿದ್ದಳು. ಹೊನ್ನಾಬಾಯಿ ಈ ತಂಬಿಗೆ ಹಿಡಿದು ಊರಿಗೆ ಬಂದು, ತಂಗಿಗೆ ಕಡೆಯ ನೀರು ಬಿಟ್ಟದ್ದು ಇದರಿಂದಲೇ ಎಂದು ತಾಯಿಗೆ ಹೇಳಿದ್ದಳು. ಅಂದಿನಿಂದ ರಾಚವ್ವ ಅದನ್ನು ದೇವರ ಜಗಲಿಯ ಮೇಲಿಟ್ಟು ದಿನಾ ವಿಭೂತಿ ಹಚ್ಚುತ್ತಿದ್ದಳು. ಈಗ ಅವಳದು ಒಂದೇ ಹಟ: ತುಂಗಿಗೆ ನೀರು ಬಿಟ್ಟ ತಂಬಿಗೆಯಿಂದ, ಬಿಟ್ಟ ಕೈಯಿಂದಲೇ ತನಗೂ ನೀರು ಬಿಡಬೇಕು.

ಹೊನ್ನಾಬಾಯಿ ಇದನ್ನೆಲ್ಲ ಯಾವತ್ತಿನಂತೆ ಚೆನ್ನಾಗಿಯೇ ಹೇಳಿದಳು. “ನನ್ನ ತೊಡೀ ಮ್ಯಾಲ ತಲಿ ಇಟ್ಟಿದ್ದಳ್ರೀ. ಕಡೇ ಗುಟುಕು ಇಳೀತು. ‘ಅಕ್ಕಾ, ಹೊಟ್ಟಿ ತಣ್ಣಗಾತು, ಅವ್ವಗ ಹೇಳು’ ಅಂದ್ಲು.” ಒಡೆಯಬೇಕಾದಲ್ಲಿ ದನಿ ಸರಿಯಾಗಿ ಒಡೆಯಿತು. ಮಣ್ಣು ಎತ್ತಲು ಬಂದಿದ್ದ ಇಬ್ಬರು ಭಕ್ತರು ಕಣ್ಣೊರೆಸಿಕೊಂಡರು.

ಪೂಜ್ಯರ ಕಣ್ಣು ಮಾತ್ರ ಒದ್ದೆಯಾಗಲಿಲ್ಲ. ಸಲಿಕೆಗೆ ಅಂಟಿದ ಮಣ್ಣನ್ನು ಬೆರಳಿನಿಂದ ಕೆರೆಯುತ್ತ ಮೆಲ್ಲಗೆ ನುಡಿದರು: “ಆ ಬ್ಯಾನ್ಯಾಗ ಎಲ್ಲಾಕಿಂತ ಮೊದಲು ದನಿ ಹೋಗತೈತಿ, ತಾಯಿ.”

ಹೊನ್ನಾಬಾಯಿ ಸಾಯುವವಳ ಬಾಯಿಗೆ ಮಾತು ಕಟ್ಟಿ ಕೊಟ್ಟಿದ್ದಳು. ನಾಟಕದವರಲ್ಲದೆ ಮತ್ತಾರು ಹಾಗೆ ಸಿಕ್ಕಿಬೀಳುತ್ತಾರೆ? ಬಣ್ಣವಿಲ್ಲದ ಅವಳ ಮುಖ ಮೊದಲ ಸಲ ಬಣ್ಣಗೆಟ್ಟಿತು.

“ಆ ನೀರು ಯಾರು ಕುಡದರು?” ಎಂದರು ಪೂಜ್ಯರು.

ತುಂಗವ್ವ ರಂಗದ ಹಿಂದೆ, ಹಳೆಯ ಪರದೆಯ ಮೇಲೆ ಬಿದ್ದಿದ್ದಳು. ಈ ತಂಬಿಗೆಯತ್ತ ಕೈ ಚಾಚಿದ್ದಳು. ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು, ದನಿ ಇರಲಿಲ್ಲ. ಕಂಪನಿಯವರು ಗಂಟುಮೂಟೆ ಕಟ್ಟಿ ಓಡುತ್ತಿದ್ದರು. ದನಿ ಕೇಳಿಸಲಿಲ್ಲವೆಂಬುದನ್ನೇ ನೆವ ಮಾಡಿಕೊಂಡು ಹೊನ್ನಾಬಾಯಿ ನೀರಿನ ತಂಬಿಗೆ ಎತ್ತಿಕೊಂಡು ಮೋಟಾರು ಹತ್ತಿದ್ದಳು.

“ನಾನೇ ರೀ. ದಾರ್ಯಾಗ ನೀರಡಿಸಿತ್ತು.”

ಭಕ್ತರಲ್ಲೊಬ್ಬ ಥೂ ಎಂದು ಉಗುಳಿದ. ಪೂಜ್ಯರು ಕೈಯೆತ್ತಿ ಅವನನ್ನು ತಡೆದರು. ತಂಬಿಗೆಯನ್ನು ಎರಡೂ ಕೈಯಲ್ಲಿ ಎತ್ತಿ, ಖಾಲಿಯಾಗಿಯೇ ಅವಳಿಗೆ ಕೊಟ್ಟರು. “ಇದರಾಗ ನಿನ್ನ ತಂಗಿ ಪಾಲಿನ ನೀರು ಐತಿ. ಅದು ಆಕಿಗೆ ಮುಟ್ಟೋತನಕ ನಾ ಇದರಾಗ ಏನ ಹಾಕಲಿ?”

“ಖರೇ ಹೇಳಿದರ ಅವ್ವ ಎದಿ ಒಡಕೊಂಡು ಸಾಯ್ತಾಳ್ರೀ, ಯಪ್ಪಾ.”

“ಸಾಯಾಕಿ ಆಕಿ, ತಾಯಿ. ಸುಳ್ಳು ಯಾರಿಗೆ ಬೇಕಾಗೇತಿ?”

ಇಷ್ಟು ನುಡಿದು ಪೂಜ್ಯರು ಮತ್ತೆ ಕುಣಿಗೆ ಇಳಿದರು.

ಹೊತ್ತು ಮುಳುಗುವ ಮುಂಚೆ ಹೊನ್ನಾಬಾಯಿ ಮನೆ ಸೇರಿದಳು. ಹೆಜ್ಜೆಯ ಸಪ್ಪಳ ಕೇಳುತ್ತಲೇ ರಾಚವ್ವ ತೀರ್ಥಕ್ಕೆಂದು ಬಾಯಿ ತೆರೆದಳು. ಮಗಳು ಹಾಸಿಗೆಯ ಪಕ್ಕ ಕುಳಿತು ಖಾಲಿ ತಂಬಿಗೆಯನ್ನು ನೆಲಕ್ಕಿಟ್ಟಳು.

“ಅವ್ವಾ, ನಾ ತುಂಗಿಗೆ ನೀರು ಬಿಡಲಿಲ್ಲ. ಆಕಿ ಕೈ ಚಾಚಿದ್ಲು. ನಾ ತಂಬಿಗಿ ತಗೊಂಡು ಓಡಿದೆ. ದಾರ್ಯಾಗ ನಾನೇ ಕುಡದೆ.” ಈ ಸಲ ದನಿ ಎಲ್ಲಿಯೂ ಒಡೆಯಲಿಲ್ಲ.

ರಾಚವ್ವ ಕೈ ಚಾಚಿ ತಂಬಿಗೆಯ ಒಣ ತಳವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ, “ಒಬ್ಬಾಕಿನೇ ಇದ್ದಳೇನು?” ಎಂದಳು.

“ಹೂಂ, ಅವ್ವಾ. ಒಬ್ಬಾಕಿನೇ.”

ರಾಚವ್ವ ಗೋಡೆಯತ್ತ ಹೊರಳಿದಳು. ಕಿರಿಯ ಮಗಳು ಸುಖವಾಗಿ ಸತ್ತಳೆಂದು ನಾಲ್ಕು ವರ್ಷ ನುಂಗಿಕೊಂಡಿದ್ದ ಅಳು, ತುಂಗಿಯ ಹೆಸರು ಹಿಡಿದು ಹೊರಬಿತ್ತು. ಹೊನ್ನಾಬಾಯಿ ಕೊಡದಿಂದ ತಂಬಿಗೆ ತುಂಬಿ ತಂದು ಅವಳ ತುಟಿಗೆ ಹಿಡಿದಳು. ಮುದುಕಿ ತುಟಿ ಬಿಗಿದಳು.

“ಮೊದಲು ಆಕೀಗೆ ಬಿಡು.”

ಹೊನ್ನಾಬಾಯಿ ತಂಬಿಗೆ ಹಿಡಿದು ಹೊಸ್ತಿಲಾಚೆ ಕುಳಿತು, ಬಿರಿದ ಎರೆಮಣ್ಣಿಗೆ ನೀರು ಬಗ್ಗಿಸಿದಳು. ನೆಲ ಗುಟುಕು ಗುಟುಕಾಗಿ ಕುಡಿಯಿತು. ಓಡಲು ಇಪ್ಪತ್ತು ಊರಿನ ದಾರಿ ಬಲ್ಲ ಹೆಣ್ಣು, ಕಡೆಯ ಹನಿ ಇಂಗುವವರೆಗೂ ಅಲ್ಲಿಂದ ಕದಲಲಿಲ್ಲ.