ಡಬ್ಬಿಯ ಮೇಲಿನ ನಾನೂರು

ತುಂಗಭದ್ರೆಯ ದಂಡೆಯ ಮೇಲೊಂದು ಮಠವಿತ್ತು. ಮಠ ಅಂದರೆ ದೊಡ್ಡ ಮಾತಾಯಿತು. ಎರಡು ಕೋಣೆ, ಒಂದು ಕಟ್ಟೆ, ಒಂದು ಬೇವಿನ ಮರ. ಅಲ್ಲಿದ್ದ ಗವಿಸಿದ್ದಯ್ಯನವರನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು.

ಅಜ್ಜಾರು ಉಪದೇಶ ಮಾಡಿದ್ದು ಕಡಿಮೆ. ಅವರ ಕೈಯಲ್ಲಿ ಜಪಮಾಲೆಗಿಂತ ಕ್ಯಾಮೆರಾ ಇದ್ದದ್ದೇ ಹೆಚ್ಚು. ಪ್ರತಿ ಚಳಿಗಾಲ ಹೊಳೆಯ ನೀರುನಾಯಿ ತನ್ನ ಮರಿಗಳನ್ನು ಬಿಲದಿಂದ ಹೊರಗೆ ತರುವಾಗ ಒಂದು ಚಿತ್ರ ತೆಗೆದು ಗೋಡೆಗೆ ಹಾಕುತ್ತಿದ್ದರು. ಗೋಡೆ ಹೆಚ್ಚುಕಡಿಮೆ ತುಂಬಿತ್ತು.

ಈ ವರ್ಷ ಅವರ ಕಣ್ಣು ಕೈಕೊಟ್ಟವು. ಕಣ್ಣಿನ ನರ ಸೊರಗಿದೆ, ಆದರೂ ಯುಗಾದಿಯವರೆಗೆ ಅಡ್ಡಿಯಿಲ್ಲ ಎಂದಿದ್ದರು ಡಾಕ್ಟರು. ಸಂಕ್ರಾಂತಿಗೆ ಮುಂಚೆಯೇ ಗೋಡೆಯ ಚಿತ್ರಗಳೆಲ್ಲ ಅವರಿಗೆ ಬರೀ ಕಲೆಗಳಾದವು. ಬೆಳಕು ಸೂಸುವ ವಸ್ತುವನ್ನು ಮೂಗಿಗೆ ತಾಗುವಂತೆ ಹಿಡಿದರೆ ಮಾತ್ರ ಅಷ್ಟಿಷ್ಟು ಕಾಣುತ್ತಿತ್ತು.

ಶಿಷ್ಯೆ ಹುಲಿಗೆಮ್ಮನಿಗೆ ಇದನ್ನು ತಡೆದುಕೊಳ್ಳಲಾಗಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವಳು ರಜೆ ಹಾಕಿ ಬಂದುಬಿಟ್ಟಳು. ಅಜ್ಜಾರ ಹತ್ತಿರ ಇದ್ದಂಥದ್ದೇ ಕ್ಯಾಮೆರಾ ಹೊಸದಾಗಿ ಕೊಂಡು ತಂದಿದ್ದಳು.

"ಈ ವರ್ಷದ ಮರಿ ನಿಮಗ ತೋರಿಸೇ ತೋರಿಸ್ತೀನ್ರಿ, ಅಜ್ಜಾರ."

"ತೋರಿಸವ್ವ. ಬ್ಯಾಟರಿ ಮ್ಯಾಲ ಲಕ್ಷ್ಯ ಇರಲಿ. ಮಠದಾಗ ಕರೆಂಟ್ ಇಲ್ಲ."

ಚಾರ್ಜ್ ಮಾಡಬೇಕೆಂದರೆ ಹರಗೋಲು ಹತ್ತಿ ಆಚೆ ದಂಡೆಯ ಹಿಟ್ಟಿನ ಗಿರಣಿಗೆ ಹೋಗಬೇಕಿತ್ತು.

"ಡಬ್ಬಿ ಮ್ಯಾಲ ನಾನೂರು ಫೋಟೋ ಅಂತ ಬರದಾರ್ರಿ. ನನಗ ಹತ್ತು ಸಾಕು," ಎಂದಳು ಹುಲಿಗೆಮ್ಮ.

ಅಜ್ಜಾರು ನಕ್ಕರು.

ಮರುದಿನ ಬೆಳಕು ಹರಿಯುವ ಮುಂಚೆ ಅವಳು ಜೊಂಡಿನ ಮರೆಯಲ್ಲಿ ಕೂತಳು. ಎದುರಿಗೆ ಬಿಲ. ನೀರುನಾಯಿ ಯಾವ ಗಳಿಗೆಯಲ್ಲಿ ತಲೆ ಹಾಕೀತೋ ಎಂದು ಕ್ಯಾಮೆರಾದ ಗುಂಡಿಯನ್ನು ಅರ್ಧ ಒತ್ತಿಯೇ ಹಿಡಿದಿದ್ದಳು. ಬೇಸರವಾದಾಗಲೆಲ್ಲ ಎದುರಿನ ಮಿಂಚುಳ್ಳಿಯ ಚಿತ್ರ ತೆಗೆದಳು, ಚೆನ್ನಾಗಿ ಬಂತೇ ಎಂದು ತೆರೆಯ ಮೇಲೆ ಹಿಗ್ಗಿಸಿ ನೋಡಿದಳು, ಇನ್ನೊಮ್ಮೆ ನೋಡಿದಳು.

ಬಿಸಿಲು ಬಂದಾಗ ತಾಯಿ ಹೊರಬಂತು. ಅದರ ಹಿಂದೆ ಒಂದು ಪುಟ್ಟ ಮೂತಿ.

ಹುಲಿಗೆಮ್ಮ ಗುಂಡಿ ಒತ್ತಿದಳು. ಕ್ಯಾಮೆರಾ ಕಪ್ಪಾಯಿತು. ಅವಳು ಮತ್ತೆ ಮತ್ತೆ ಒತ್ತುತ್ತಿದ್ದಂತೆ ಪುಟ್ಟ ಮೂತಿ ಒಳಗೆ ಹೋಯಿತು.

ಸಿಟ್ಟಿನಲ್ಲಿ ಉರಿಯುತ್ತ ಮಠಕ್ಕೆ ಬಂದಳು.

"ಸುಳ್ಳು ಬರದಾರ್ರಿ! ನಾನೂರು ಅಂತ ಬರದಾರ, ಮೂವತ್ತಕ್ಕ ಸತ್ತೋತು."

"ಹೌದೇನು?" ಎಂದರು ಅಜ್ಜಾರು. "ನನ್ನ ಕ್ಯಾಮೆರಾದ ಡಬ್ಬಿ ಮ್ಯಾಲೂ ನಾನೂರು ಅಂತನ ಇತ್ತು. ನೀರುಕಾಗಿ ಹಿಂಡು ಮೀನಿಗೆ ಬಿದ್ದ ದಿನ ಒಂದs ಬ್ಯಾಟರಿಯೊಳಗ ಸಾವಿರ ತಗದೀನಿ. ದಬದಬ ಹೊಡದೆ, ಆರಿಸಿ ಇಟ್ಟೆ."

"ಹಂಗಾದ್ರ ಎರಡೂ ಕಡೆ ಸುಳ್ಳಾತಲ್ರಿ?"

ಅಜ್ಜಾರು ಕಟ್ಟೆಯ ಕೆಳಗೆ ಕೈಯಾಡಿಸಿ ಒಂದು ಕಲ್ಲು ಹುಡುಕಿ ಅವಳಿಗೆ ಕೊಟ್ಟರು.

"ಹೊಳಿಗೆ ಒಗೆಯೋರ ಹಂಗ ಕೈ ಎತ್ತು. ನಾ ಹೇಳೋ ಮಟ ಒಗೀಬ್ಯಾಡ."

ಅವಳು ಎತ್ತಿದಳು. ಅಜ್ಜಾರು ಚಹಾದ ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದರು. ಊದಿದರು. ಇನ್ನೊಂದು ಗುಟುಕು. ಇಂಥ ಹೊತ್ತಿನಲ್ಲಿ ಚಹಾ ಯಾಕಷ್ಟು ಬಿಸಿ ಇರುತ್ತದೋ!

"ಅಜ್ಜಾರ, ಕೈ ಸೋತುವ್ರಿ."

"ಎಷ್ಟು ಕಲ್ಲು ಒಗದಿ?"

"ಒಂದೂ ಇಲ್ರಿ."

"ಮತ್ಯಾಕ ಸೋತಾವು?"

ಹುಲಿಗೆಮ್ಮ ಕೈ ಇಳಿಸಿದಳು. ಬೆಳಗಿನಿಂದ ಅರ್ಧ ಒತ್ತಿ ಹಿಡಿದ ಬೆರಳು ಅವಳಿಗೆ ನೆನಪಾಯಿತು. ಮಿಂಚುಳ್ಳಿಯೂ ನೆನಪಾಯಿತು. ನಾಚಿಕೆಯಾಯಿತು.

"ಡಬ್ಬಿಯವರು ಒಂದು ಕೋಣಿಯೊಳಗ ಅಳದಿರ್ತಾರ," ಎಂದರು ಅಜ್ಜಾರು. "ಬ್ಯಾಟರಿ ಸೋಲಿಸೋ ಚಳಿ ಅಲ್ಲಿಲ್ಲ. ಸ್ವಲ್ಪ ಹೊತ್ತಿಗೊಂದು ಫೋಟೋ, ಆಮ್ಯಾಲ ಆರಿಸೋದು, ಮತ್ತ ಹಚ್ಚೋದು. ಅವರು ಯಾರಿಗೂ ಕಾಯಂಗಿಲ್ಲ. ನೀ ಕಾದಿ."

"ಹಂಗಾದ್ರ ಆ ನಂಬರ್ ಯಾಕ್ರಿ?"

"ಒಂದು ಕ್ಯಾಮೆರಾ ಪಕ್ಕ ಇನ್ನೊಂದು ಇಟ್ಟು ಹೋಲಿಸಾಕ. ನಿನ್ನ ಪಕ್ಕ ಇಟ್ಟಿಲ್ಲವ್ವ ಅದನ್ನ."

ಅಂದೇ ಅವಳು ಆಚೆ ದಂಡೆಗೆ ಹೋಗಿ ಚಾರ್ಜ್ ಮಾಡಿಸಿದಳು. ಅಜ್ಜಾರ ಹಳೆಯ ಬ್ಯಾಟರಿಯನ್ನೂ ತುಂಬಿಸಿಕೊಂಡು ಬಂದಳು. ಹಾಲು ಕುಡಿದು ಬಾಯಿ ಸುಟ್ಟವಳು ಮಜ್ಜಿಗೆಯನ್ನೂ ಊದಿ ಕುಡಿಯುವುದೇ ಲೋಕರೂಢಿ. ಮರುದಿನ ಮರೆಯಲ್ಲಿ ಕೂತು ಗಳಿಗೆಗೊಮ್ಮೆ ಕ್ಯಾಮೆರಾ ಹಚ್ಚಿದಳು, ಚಾರ್ಜ್ ಎಷ್ಟಿದೆ ನೋಡಿದಳು, ಆರಿಸಿದಳು. ಒಂದು ಬ್ಯಾಟರಿ ತೆಗೆದು ಇನ್ನೊಂದು ಹಾಕಿ, ಅದರಲ್ಲೆಷ್ಟಿದೆ ನೋಡಿದಳು.

ತಲೆ ಎತ್ತಿದಾಗ ಬಿಲದ ಮುಂದಿನ ಹಸಿ ಮಣ್ಣಿನ ಮೇಲೆ ಪುಟ್ಟ ಹೆಜ್ಜೆಗಳಿದ್ದವು. ಬಂದದ್ದೂ ಇತ್ತು, ತಿರುಗಿ ಒಳಗೆ ಹೋದದ್ದೂ ಇತ್ತು.

"ಇವತ್ತು ಚಾರ್ಜ್ ಇತ್ತಿಲ್ಲೋ?" ಎಂದು ಕೇಳಿದರು ಅಜ್ಜಾರು.

"ಇತ್ರಿ. ಅದನ್ನs ನೋಡಿಕೋತ ಕುಂತೆ."

ಅಜ್ಜಾರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ತಾಯಿಗೆ ನಿನ್ನ ವಾಸನಿ ಸಿಕ್ಕಿರತೈತಿ," ಎಂದರು. "ನಾಳೆ ಮರಿ ಕಚ್ಚಿಕೊಂಡು ಬಂಡಿಗಲ್ಲಿನ ಸಂದಿಗೆ ಹೋಗಿಬಿಡತೈತಿ. ಅಲ್ಲಿ ಹೊಕ್ಕರ ಯಾರಿಗೂ ಕಾಣಂಗಿಲ್ಲ."

"ಈಗs ಹೋಗಿ ಚಾರ್ಜ್ ಮಾಡಿಸಿಕೊಂಡು ಬರ್ತೀನ್ರಿ."

ಆದರೆ ಆ ಸಂಜೆ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಹೊಳೆ ಕೆಂಪಗೆ ಹರಿಯುತ್ತಿತ್ತು. ಹರಗೋಲಿನವನು ದೂರದಿಂದಲೇ ಕೈಯಾಡಿಸಿ ಬರುವುದಿಲ್ಲ ಎಂದ.

ಹುಲಿಗೆಮ್ಮ ಎರಡೂ ಬ್ಯಾಟರಿ ಹಾಕಿ ನೋಡಿದಳು. ಹಚ್ಚಿ ಆರಿಸಿ, ಹಚ್ಚಿ ಆರಿಸಿ ಒಂದು ಪೂರ್ತಿ ಖಾಲಿಯಾಗಿತ್ತು. ಇನ್ನೊಂದರಲ್ಲಿ ಕೊನೆಯ ಗೆರೆ ಮಾತ್ರ ಉಳಿದಿತ್ತು.

"ಮನಿಗೆ ಹೋಗ್ತೀಯೇನು, ತಂಗಿ?"

"ಇಲ್ರಿ. ಇದ್ದಷ್ಟರಾಗs ಕುಂದರ್ತೀನಿ. ನಿಮಗ ತೋರಿಸದ ಈ ದಂಡಿ ಬಿಟ್ಟು ಏಳಂಗಿಲ್ಲ."

ಆ ಬ್ಯಾಟರಿಯನ್ನು ಸೀರೆಯ ಗಂಟಿನಲ್ಲಿ ಸೊಂಟಕ್ಕೆ ಸಿಕ್ಕಿಸಿ ಬೆಚ್ಚಗಿಟ್ಟುಕೊಂಡಳು. ನಸುಕಿನಲ್ಲಿ ಹೋಗಿ ಮರೆಯಲ್ಲಿ ಕೂತಳು. ಬ್ಯಾಟರಿಯನ್ನು ಕ್ಯಾಮೆರಾಕ್ಕೆ ಹಾಕಿದಳು, ಹಚ್ಚಲಿಲ್ಲ. ಕೈ ಮಡಿಲಲ್ಲಿಟ್ಟುಕೊಂಡು ಹೊಳೆ ನೋಡಿದಳು.

ಮಂಜು ಕರಗುವುದನ್ನು ನೋಡಿದಳು. ಮಿಂಚುಳ್ಳಿ ಬಂತು, ಹೋಯಿತು. ಚಳಿಗೆ ಹಲ್ಲು ಕಟಕಟ ಎಂದವು. ಇಷ್ಟು ದಿನ ಈ ಹೊಳೆಗೆ ಇಷ್ಟೊಂದು ಸದ್ದಿದೆ ಎಂದು ಅವಳಿಗೆ ತಿಳಿದಿರಲಿಲ್ಲ. ಆ ಸದ್ದಿನೊಳಗೆ ಒಂದು ಸಣ್ಣ ಸಿಳ್ಳು ಕೇಳಿತು. ತಾಯಿ ಮರಿಗಳನ್ನು ಕರೆಯುತ್ತಿತ್ತು.

ಆಗ ಹಚ್ಚಿದಳು.

ತಾಯಿ ಬಾಯಲ್ಲೊಂದು ಮರಿ ಕಚ್ಚಿಕೊಂಡು ನೀರಿಗಿಳಿಯಿತು. ಹಿಂದೆ ಇನ್ನೊಂದು. ಹುಲಿಗೆಮ್ಮ ಒತ್ತಿದಳು, ಒತ್ತಿದಳು, ಒತ್ತಿದಳು, ಆರಿಸಿದಳು. ಹೇಗೆ ಬಂದಿದೆ ಎಂದು ನೋಡಲಿಲ್ಲ. ಬೆರಳು ಗುಂಡಿಯ ಕಡೆ ಹೋಯಿತು, ಹಿಂದೆ ತಂದಳು. ಎದ್ದು ಮಠದ ಕಡೆ ಓಡಿದಳು.

ಅಜ್ಜಾರು ಬೇವಿನ ಕೆಳಗೆ ಕೂತಿದ್ದರು. ಅವಳು ಬಂದದ್ದು ಕಾಣಲಿಲ್ಲ, ಓಟದ ಸದ್ದಿಗೆ ಮುಖ ತಿರುಗಿಸಿದರು.

ಹುಲಿಗೆಮ್ಮ ಪಕ್ಕದಲ್ಲಿ ಕೂತು ಕ್ಯಾಮೆರಾ ಹಚ್ಚಿ, ತೆರೆಯನ್ನು ಅವರ ಕಣ್ಣಿನ ಹತ್ತಿರ ಹಿಡಿದಳು. ಅಜ್ಜಾರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮೂಲೆಯಿಂದ ಮೂಲೆಗೆ ಕಣ್ಣಾಡಿಸಿದರು.

"ಹಿಂದಿನ ಮರಿ ತಾಯಿ ಬಾಲ ಕಚ್ಚೇತಿ ನೋಡು," ಎಂದು ಕೊನೆಗೆ ನಕ್ಕರು. "ಕಳ್ಳ!"

ಹುಲಿಗೆಮ್ಮ ನೋಡಿದಳು. ತಾನು ತೆಗೆದ ಆ ಚಿತ್ರವನ್ನು ಮೊದಲ ಸಲ, ಅವರ ಹೆಗಲ ಮೇಲಿಂದ ನೋಡಿದಳು.

ತೆರೆಯ ಮೂಲೆಯಲ್ಲಿ ಕೆಂಪು ಗುರುತು ಮಿಣುಕತೊಡಗಿತು.

"ಅಜ್ಜಾರ, ಮುಗಿಯಾಕ ಬಂತ್ರಿ. ಆರಿಸಲೇನ್ರಿ? ನೀರು ಇಳದ ಮ್ಯಾಲ ಚಾರ್ಜ್ ಮಾಡಿಸಿಕೊಂಡು ಬಂದು ಮತ್ತ ತೋರಿಸ್ತೀನಿ."

ಅಜ್ಜಾರು ಕ್ಯಾಮೆರಾವನ್ನು ಕಣ್ಣಿಗೆ ಇನ್ನಷ್ಟು ಹತ್ತಿರ ತಂದರು.

"ಬ್ಯಾಡ ತಂಗಿ. ಉಳಿಸೋದು ಕಲ್ತಿ. ಇನ್ನ ಖರ್ಚು ಮಾಡೋದು ಕಲಿ."